ಶಾಲೆ ಕಾಣದ ಉಪದೇಶಿ

ಕೊಪ್ಪದ ಬಸ್ಸುನಿಲ್ದಾಣದಲ್ಲಿ ಹೊಸಬರು ಯಾರಾದರೂ ನನ್ನ ಪರಿಚಯ ಮಾಡಿಕೊಂಡರೆ ಅವರ ಎರಡನೆಯ ಪ್ರಶ್ನೆಯು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ಅಯ್ಯನವರೇ, ತಾವು ದೈವಜ್ಞಾನದ ವ್ಯಾಸಂಗವನ್ನು ಎಲ್ಲಿ ಮಾಡಿದಿರಿ? ಮಂಗಳೂರಿನಲ್ಲಿಯೋ, ಬೆಂಗಳೂರಿನಲ್ಲಿಯೋ?" ಎರಡು ಕಡೆಯಲ್ಲಿಯೂ ಅಲ್ಲವೆಂದು ನಾನು ಉತ್ತರ ಕೊಟ್ಟಾಗ ಕೆಲವರ ಮುಖದಲ್ಲಿ ಸಂಶಯವೂ ಮತ್ತೆ ಕೆಲವರ ಮುಖದಲ್ಲಿ ಅಗತ್ಯಕ್ಕೆ ಮೀರಿದ ಭಕ್ತಿಯೂ ಕಾಣಿಸುತ್ತದೆ. ಮೊದಲನೆಯವರು ನನ್ನನ್ನು ಹೆಸರಿಲ್ಲದ ನಾಟಿವೈದ್ಯನಂತೆ ನೋಡುತ್ತಾರೆ. ಎರಡನೆಯವರು, "ಹಾಗಾದರೆ ತಮಗೆ ನೇರವಾಗಿ ಮೇಲಿನಿಂದಲೇ ಬಂದಿತು" ಎಂದು ಕೈಮುಗಿಯುತ್ತಾರೆ. ಈ ಇಬ್ಬರಿಗೂ ನಿಂತ ಕಾಲಿನಲ್ಲಿ ಹೇಳಲಾಗದ ಸಂಗತಿಯೊಂದುಂಟು. ಅದನ್ನು ಸಾವಕಾಶವಾಗಿ ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆನು. ಇದರಲ್ಲಿ ನನ್ನ ಹೆಮ್ಮೆಗೆ ಕಾರಣವಾದುದು ಏನೂ ಇಲ್ಲ. ನಾಚಿಕೆಗೆ ಕಾರಣವಾದುದು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಹಿರಿಯರು ಉಡುಪಿಯ ಕಡೆಯವರು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ ಕರಾವಳಿಯಲ್ಲಿ ಹುಟ್ಟಿದ ಸಭೆಗಳಲ್ಲಿ ಒಂದಕ್ಕೆ ಸೇರಿದವರು. ನನ್ನ ತಂದೆಯವರು ಕಾಫಿತೋಟದ ರೈಟರ ಕೆಲಸಕ್ಕಾಗಿ ಘಟ್ಟ ಹತ್ತಿ ಕೊಪ್ಪದ ಸೀಮೆಯಲ್ಲಿ ನೆಲೆನಿಂತರು. ಪ್ರತಿ ಸಂಜೆ ಲಾಂದ್ರದ ಬೆಳಕಿನಲ್ಲಿ ಸತ್ಯವೇದದ ಒಂದು ಅಧ್ಯಾಯವನ್ನು ಓದಿ ಪ್ರಾರ್ಥನೆ ಮಾಡಿದ ಮೇಲೆಯೇ ನಮಗೆ ಊಟ. ನಾನು ಓದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದೆನು. ಅಕ್ಷರ ಸ್ಪಷ್ಟವಾಗಿದ್ದಿತು, ಕಂಠ ಗಟ್ಟಿಯಾಗಿದ್ದಿತು. ಆದುದರಿಂದ ಭಾನುವಾರದ ಆರಾಧನೆಯಲ್ಲಿ ಪಾಠವನ್ನು ಓದುವ ಕೆಲಸವು ತಾನಾಗಿಯೇ ನನ್ನ ಪಾಲಿಗೆ ಬಂದಿತು.

ನಮ್ಮ ಸಭೆಯೆಂದರೆ ಹನ್ನೊಂದು ಮನೆಗಳು. ಘಟ್ಟದ ಕೆಳಗಿನಿಂದ ಬಂದ ನಮ್ಮಂಥವರು ಕೆಲವರು, ತೋಟದ ಲೈನುಗಳಲ್ಲಿದ್ದ ತಮಿಳು ಕೂಲಿಯವರು ಕೆಲವರು, ನರಸಿಂಹರಾಜಪುರದ ಕಡೆಯ ಎರಡು ಮಲೆಯಾಳಿ ಮನೆಗಳು. ಆರಾಧನೆಯು ಕನ್ನಡದಲ್ಲಿ ನಡೆಯುತ್ತಿತ್ತು. ಅಳುವುದು, ನಗುವುದು ಮಾತ್ರ ಅವರವರ ಭಾಷೆಯಲ್ಲಿ. ದೂರದ ಪೇಟೆಯಿಂದ ಸಭಾಪಾಲಕರೊಬ್ಬರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಪ್ರಸಂಗವನ್ನೂ ಕರ್ತನ ಭೋಜನದ ಸಂಸ್ಕಾರವನ್ನೂ ನಡೆಸಿ ಹಿಂದಿರುಗುತ್ತಿದ್ದರು. ಮಳೆಗಾಲದ ಎರಡು ತಿಂಗಳು ಅದೂ ಇಲ್ಲ.

ಈ ಸೀಮೆಯನ್ನು ಅರಿಯದ ವಾಚಕರಿಗೆ ಒಂದು ಮಾತು ಹೇಳಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಈ ಮೂರು ತಾಲ್ಲೂಕುಗಳು ಗುರುಪರಂಪರೆಗಳ ತವರು. ತುಂಗೆಯ ದಡದ ಶೃಂಗೇರಿಯಲ್ಲಿ ಶಂಕರರ ಪೀಠವಿದೆ. ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ. ಹಿಂದೆ ಎಡೇಹಳ್ಳಿಯೆಂದು ಕರೆಯಿಸಿಕೊಂಡು, 1915ರಲ್ಲಿ ಮೈಸೂರಿನ ಯುವರಾಜ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರದಲ್ಲಿ ಜೈನರ ಜ್ವಾಲಾಮಾಲಿನಿಯ ಬಸದಿಯೂ ಮಠವೂ ಇವೆ. ಕೇರಳದಿಂದ ಬಂದು ರಬ್ಬರು, ಮೆಣಸು ಬೆಳೆದವರ ಸುರಿಯಾನಿ ದೇವಾಲಯಗಳೂ ಅಲ್ಲಿಯೇ ಇವೆ. ಇಲ್ಲಿ ಯಾರಾದರೂ ಧರ್ಮದ ವಿಷಯವಾಗಿ ಬಾಯಿ ತೆರೆದರೆ, ಕೇಳುವವರು ಮೊದಲು ವಿಚಾರಿಸುವುದು ಅವನ ಗುರು ಯಾರೆಂಬುದನ್ನು. ನನಗೆ ಆ ಪ್ರಶ್ನೆಯು ತಡವಾಗಿ ಬಂದಿತು. ಬರುವುದರೊಳಗೆ ತಪ್ಪು ನಡೆದುಹೋಗಿತ್ತು.

ಮೂವತ್ತು ವರ್ಷಗಳ ಹಿಂದಿನ ಮಾತು. ಪುಷ್ಯದ ಮಳೆ ಮೂರು ದಿನಗಳಿಂದ ಬಿಡದೆ ಹೊಡೆಯುತ್ತಿದ್ದಿತು. ಒಂದು ಬೆಳಗ್ಗೆ ತೋಟದ ಲೈನಿನಿಂದ ಇಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ನಮ್ಮ ಜಗಲಿಯ ಕೆಳಗೆ ನಿಂತರು. ಆರು ವರ್ಷದ ಹುಡುಗಿ, ನಾಲ್ಕು ದಿನದ ಜ್ವರ, ರಾತ್ರಿ ತೀರಿಕೊಂಡಿದ್ದಳು. ರಸ್ತೆಗೆ ಎರಡು ಕಡೆ ಮರ ಬಿದ್ದು ಬಸ್ಸು ನಿಂತಿದ್ದಿತು. ಸಭಾಪಾಲಕರಿಗೆ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ. "ಮೇಷ್ಟ್ರೇ, ನೀವೇ ಬಂದು ನಾಲ್ಕು ಮಾತು ಹೇಳಿ ಮಣ್ಣು ಮಾಡಿಸಬೇಕು" ಎಂದರು. ನಾನು ಆರಾಧನಾಕ್ರಮದ ಪುಸ್ತಕವನ್ನು ಎದೆಗವಚಿಕೊಂಡು ಹೊರಟೆನು.

ಪುಸ್ತಕದಲ್ಲಿದ್ದುದನ್ನು ಓದಿ ನಾನು ಸುಮ್ಮನಾಗಿದ್ದರೆ ಏನೂ ಕೆಡುತ್ತಿರಲಿಲ್ಲ. ಆದರೆ ನಾಲ್ಕು ಮಾತು ಹೇಳಬೇಕೆಂದು ಅವರು ಕೇಳಿದ್ದರಲ್ಲವೇ? ಉಪಾಧ್ಯಾಯನಿಗೆ ಮಾತಿಗೇನು ಬರ! ತೋಡಿದ ಕುಣಿಯಲ್ಲಿ ನೀರು ತುಂಬುತ್ತಿರಲು, ನಾನು ಗಟ್ಟಿ ಕಂಠದಿಂದ, ದೇವರು ತಂದೆತಾಯಿಗಳ ನಂಬಿಕೆಯನ್ನು ಪರೀಕ್ಷಿಸುವುದಕ್ಕಾಗಿ ಕೆಲವು ವೇಳೆ ಹೀಗೆ ಮಕ್ಕಳನ್ನು ಕರೆದುಕೊಳ್ಳುತ್ತಾನೆಂದೂ, ಅಳುವುದು ಅವಿಶ್ವಾಸದ ಗುರುತೆಂದೂ, ಧೈರ್ಯದಿಂದಿರಬೇಕೆಂದೂ ಪ್ರಸಂಗ ಮಾಡಿದೆನು. ಆ ತಾಯಿಯು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಅಳು ನಿಂತಿತು. ನನ್ನ ಮಾತು ನಾಟಿತೆಂದು ನಾನು ತಿಳಿದುಕೊಂಡೆನು. ಮನೆಗೆ ಬಂದು ಬಿಸಿನೀರು ಹುಯ್ದುಕೊಂಡು, ಒಂದು ಒಳ್ಳೆಯ ಕೆಲಸ ಮಾಡಿದ ಸಂತೋಷದಿಂದ ಮಲಗಿದೆನು. ಈ ಸಂತೋಷವನ್ನು ನೆನೆದಾಗ ಇಂದಿಗೂ ನನ್ನ ಮೈ ಹಿಡಿಯಾಗುತ್ತದೆ.

ಮರುವಾರದಿಂದ ಆಕೆ ಆರಾಧನೆಗೆ ಬರಲಿಲ್ಲ. ಒಂದು ತಿಂಗಳಾದ ಮೇಲೆ ನನ್ನ ಹೆಂಡತಿ ಲೈನಿಗೆ ಹೋಗಿ ಆಕೆಯ ಹತ್ತಿರ ಕುಳಿತು ಬಂದಳು. ರಾತ್ರಿ ಊಟಕ್ಕೆ ಬಡಿಸುತ್ತ, "ನಿಮಗೆ ಹೇಳಬೇಕೋ ಬೇಡವೋ ತಿಳಿಯದು, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ" ಎಂದು ಆ ತಾಯಿಯ ಮಾತನ್ನು ನನಗೆ ಮುಟ್ಟಿಸಿದಳು: "ನನ್ನ ನಂಬಿಕೆ ನೋಡಬೇಕಿದ್ದರೆ ದೇವರು ನನ್ನನ್ನೇ ಕೇಳಬಹುದಿತ್ತಲ್ಲ, ಅಮ್ಮಾ. ಮಗುವನ್ನು ಯಾಕೆ ಕರೆದ?"

ಆ ರಾತ್ರಿ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ಕಾಕತಾಳೀಯವೆಂಬಂತೆ ಅದೇ ವಾರ ಸಭೆಯ ಹಿರಿಯರು ಮನೆಗೆ ಬಂದರು. ಬರುತ್ತಿದ್ದ ಸಭಾಪಾಲಕರಿಗೆ ವಯಸ್ಸಾಗಿದ್ದಿತು. ಇನ್ನು ಬರಲಾರೆನೆಂದು ತಿಳಿಸಿದ್ದರು. ಹನ್ನೊಂದು ಮನೆಗಳಿಗೆ ಸಂಬಳ ಕೊಟ್ಟು ಬೇರೊಬ್ಬರನ್ನು ಇರಿಸಿಕೊಳ್ಳುವ ಶಕ್ತಿಯಿರಲಿಲ್ಲ. "ನಿಮಗೆ ಸರ್ಕಾರದ ಸಂಬಳವಿದೆ, ಊರಿನಲ್ಲಿಯೇ ಇದ್ದೀರಿ, ಸಭೆಯ ಪಾಲನೆಯನ್ನು ನೀವೇ ವಹಿಸಿಕೊಳ್ಳಿ" ಎಂದರು. ಒಂದು ತಿಂಗಳ ಹಿಂದೆ ಕೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನು. ಈಗ ಬಾಯಿ ಬರಲಿಲ್ಲ. ಒಂದು ತಿಂಗಳ ಅವಕಾಶ ಕೇಳಿ ಅವರನ್ನು ಕಳುಹಿಸಿದೆನು.

ಶೃಂಗೇರಿಯಲ್ಲಿ ನನಗೊಬ್ಬ ಹಿರಿಯ ಸ್ನೇಹಿತರಿದ್ದರು. ಸಂಸ್ಕೃತ ಕಲಿಸಿ ನಿವೃತ್ತರಾದವರು. ಶಾಲಾ ಪರೀಕ್ಷೆಗಳ ಕೆಲಸದಲ್ಲಿ ಪರಿಚಯವಾದವರು. ಮನಸ್ಸು ತಡೆಯದೆ ಅವರ ಮನೆಗೆ ಹೋದೆನು. ತುಂಗೆಯು ಮೆಟ್ಟಿಲುಗಳನ್ನು ಮುಳುಗಿಸಿ ಹರಿಯುತ್ತಿದ್ದಿತು. ಜಗಲಿಯಲ್ಲಿ ಕುಳಿತು ನಡೆದುದೆಲ್ಲವನ್ನೂ ಹೇಳಿದೆನು. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದರು. ಕೊನೆಗೆ, "ಮೇಷ್ಟ್ರೇ, ನಿಮ್ಮ ಶಾಸ್ತ್ರವನ್ನು ಯಾರಲ್ಲಿ ಪಾಠ ಹೇಳಿಸಿಕೊಂಡಿರಿ?" ಎಂದರು.

"ಯಾರಲ್ಲಿಯೂ ಇಲ್ಲ, ಭಟ್ಟರೇ. ನಾನೇ ಓದಿಕೊಂಡೆನು."

"ಓದಿಕೊಳ್ಳಬಹುದು, ತಪ್ಪಿಲ್ಲ. ಆದರೆ ನೋಡಿ, ನಾನು ಹುಡುಗನಾಗಿದ್ದಾಗ ಒಂದು ಸ್ವರ ಜಾರಿದರೆ ಗುರುಗಳು ಬೆರಳೆತ್ತುತ್ತಿದ್ದರು; ಅಲ್ಲಿಗೇ ನಿಲ್ಲಬೇಕು, ಮತ್ತೆ ಮೊದಲಿನಿಂದ ಹೇಳಬೇಕು. ಪುಸ್ತಕ ಎಲ್ಲವನ್ನೂ ಕಲಿಸೀತು, ತಪ್ಪಿದಾಗ ಬೆರಳೆತ್ತುವುದಿಲ್ಲ."

ಬೇರೆ ಮತದವರಾದ ಆ ವೃದ್ಧರು ನನಗೆ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಫಿ ಕೊಟ್ಟು ಬಸ್ಸಿನವರೆಗೆ ಕೊಡೆ ಹಿಡಿದು ಬಂದರು. ಆದರೆ ನನ್ನ ಕೊರತೆಯ ಹೆಸರು ಅಂದು ತಿಳಿಯಿತು. ನನಗೆ ಬೇಕಾಗಿದ್ದುದು ಪದವಿಯಲ್ಲ, ಬೆರಳೆತ್ತುವ ಒಬ್ಬರು.

ಮಂಗಳೂರಿನ ಬಲ್ಮಠದಲ್ಲಿ ದೈವಜ್ಞಾನದ ಕಾಲೇಜು ಇದೆಯೆಂಬುದನ್ನು ನಾನು ಅರಿಯದವನಲ್ಲ. 1847ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಉಪದೇಶಿಗಳಿಗಾಗಿ ತೆರೆದ ಪಾಠಶಾಲೆಯೂ ತುಮಕೂರಿನ ಸೆಮಿನರಿಯೂ 1965ರಲ್ಲಿ ಕೂಡಿಕೊಂಡು ಕರ್ನಾಟಕ ದೈವಜ್ಞಾನ ಕಾಲೇಜು ಆಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಷ್ಟು ಹಿಂದಿನದು. ಆದರೆ ಮೂವರು ಮಕ್ಕಳು, ವೃದ್ಧ ತಾಯಿ, ತಿಂಗಳ ಸಂಬಳದ ಮೇಲೆ ನಿಂತ ಮನೆ. ಉದ್ಯೋಗವನ್ನು ಬಿಟ್ಟು ವರ್ಷಗಟ್ಟಲೆ ವಿದ್ಯಾರ್ಥಿಯಾಗುವುದು ಆಗದ ಮಾತು. ಘಟ್ಟದ ಕೆಳಗೆ ನಮ್ಮ ತಂದೆಯವರ ಪರಿಚಯದ ಒಬ್ಬ ನಿವೃತ್ತ ಅಯ್ಯನವರಿದ್ದರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು ಅವರ ಬಳಿಗೆ ಹೋದೆನು.

ನನ್ನ ಪ್ರಸಂಗವನ್ನು ಅಕ್ಷರಶಃ ಹೇಳಿಸಿ ಕೇಳಿದರು. ಅನಂತರ, "ಯೋಬನ ಮೂವರು ಸ್ನೇಹಿತರು ಮಾಡಿದ ಒಳ್ಳೆಯ ಕೆಲಸ ಯಾವುದು, ಬಲ್ಲಿರಾ?" ಎಂದರು. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಬಳಿಯಲ್ಲಿ ಅವರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅದೇ ಒಳ್ಳೆಯ ಕೆಲಸ. ಬಾಯಿ ತೆರೆದು ದುಃಖಕ್ಕೆ ಕಾರಣ ಹೇಳತೊಡಗಿದ ಗಳಿಗೆಯಿಂದ ತಪ್ಪಿದರು; ಗ್ರಂಥದ ಕೊನೆಯಲ್ಲಿ ದೇವರ ಕೋಪ ಅವರ ಮೇಲೆ ಬಂದಿತು. ಆ ಗ್ರಂಥವನ್ನು ನಾನು ಹತ್ತು ಸಲ ಓದಿದ್ದೆನು. ನಾನು ಕುಣಿಯ ಬಳಿ ನಿಂತು ಆಡಿದುದು ಆ ಸ್ನೇಹಿತರ ಪಾಠವೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಗಟ್ಟಿಯಾಗಿ ಓದುವುದೇ ಬೇರೆ, ಪಾಠ ಹೇಳಿಸಿಕೊಳ್ಳುವುದೇ ಬೇರೆ.

ಅಂದಿನಿಂದ ಮೂರು ವರ್ಷ, ತಿಂಗಳಿಗೊಂದು ಶನಿವಾರ, ನಾನು ಅವರ ಶಿಷ್ಯನಾದೆನು. ಅವರ ಕ್ರಮ ಕಠಿನವಾಗಿದ್ದಿತು. ಒಂದು ಭಾಗವನ್ನು ಕೊಟ್ಟು, ಅದು ಯಾರಿಗೆ, ಯಾವ ಕಾಲದಲ್ಲಿ, ಯಾತಕ್ಕಾಗಿ ಬರೆಯಲ್ಪಟ್ಟಿತೆಂಬುದನ್ನು ಮೊದಲು ಬರೆದು ತರಬೇಕು. ಅರ್ಥ ತಿಳಿಯದ ಮಾತಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ತೆರೆಯಬೇಕು; ಊಹೆ ಕೂಡದು. ಪ್ರಸಂಗವನ್ನು ಬರೆದ ಮೇಲೆ, ಸಭೆಯಲ್ಲಿ ಆ ವಾರ ಅತ್ಯಂತ ಕಷ್ಟದಲ್ಲಿರುವವರು ಯಾರೆಂಬುದನ್ನು ನೆನೆದು, ಅವರ ಮುಖ ನೋಡಿಕೊಂಡು ಹೇಳಲಾಗದ ವಾಕ್ಯವನ್ನೆಲ್ಲ ಹೊಡೆದುಹಾಕಬೇಕು. ಮೊದಲ ವರ್ಷ ನನ್ನ ಪ್ರಸಂಗಗಳಲ್ಲಿ ಅರ್ಧಕ್ಕೆ ಮಿಕ್ಕಿ ಹೀಗೆ ಹೋಯಿತು. ಲೈನಿನ ಜನರೊಡನೆ ಮಾತಾಡುವಷ್ಟು ತಮಿಳನ್ನೂ ಅವರು ನನ್ನಿಂದ ಕಲಿಸಿದರು. ಸ್ವತಃ ತಮಗೆ ಬಾರದಿದ್ದುದರಿಂದ ಲೈನಿನ ಹುಡುಗರನ್ನೇ ಗುರುಗಳನ್ನಾಗಿ ಮಾಡಿಕೊಳ್ಳೆಂದು ಅಪ್ಪಣೆ ಮಾಡಿದರು.

ನಾನು ಶಾಲೆ ಕಾಣದವನೆಂದು ಕುಗ್ಗಿದಾಗ ಅವರು ಸಭೆಯ ಚರಿತ್ರೆಯನ್ನು ತೆರೆಯುತ್ತಿದ್ದರು. ಪ್ರತಿಯೊಂದು ಧರ್ಮಪ್ರಾಂತ್ಯದಲ್ಲಿಯೂ ಪಾದ್ರಿಗಳಿಗಾಗಿ ಸೆಮಿನರಿಗಳಿರಬೇಕೆಂಬ ಕಟ್ಟಳೆಯನ್ನು ರೋಮಿನ ಸಭೆಯು ಮಾಡಿದುದೇ ಟ್ರೆಂಟಿನ ಮಹಾಸಭೆಯಲ್ಲಿ, 1563ರಲ್ಲಿ. ಅದಕ್ಕೆ ಹಿಂದಿನ ಹದಿನೈದು ಶತಮಾನ ಬಹುಮಂದಿ ಸೇವಕರು ಹಿರಿಯ ಸೇವಕರ ಬಳಿಯಲ್ಲಿದ್ದುಕೊಂಡೇ ಕಲಿತರು. 374ರಲ್ಲಿ ಮಿಲಾನಿನ ಜನರು ತಮ್ಮ ಅಧ್ಯಕ್ಷನನ್ನಾಗಿ ಆರಿಸಿದ ಅಂಬ್ರೋಸನು ಆ ಪ್ರಾಂತ್ಯದ ಅಧಿಕಾರಿ. ಆಗ ಅವನಿಗೆ ದೀಕ್ಷಾಸ್ನಾನವೂ ಆಗಿರಲಿಲ್ಲ. 391ರಲ್ಲಿ ಆಫ್ರಿಕಾದ ಹಿಪ್ಪೋ ಪಟ್ಟಣದ ಜನರು ಆಗಸ್ಟೀನನನ್ನು ಹಿಡಿದು ತಂದು ದೀಕ್ಷೆ ಕೊಡಿಸಿದಾಗ ಅವನು ಅತ್ತನು. ಇಷ್ಟನ್ನು ಹೇಳಿ ಅಯ್ಯನವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಅತ್ತ ಮೇಲೆ ಏನು ಮಾಡಿದನು? ಶಾಸ್ತ್ರಾಭ್ಯಾಸಕ್ಕಾಗಿ ಕೆಲವು ಕಾಲ ಬಿಡುವು ಕೊಡಬೇಕೆಂದು ತನ್ನ ಅಧ್ಯಕ್ಷನಿಗೆ ಕಾಗದ ಬರೆದನು. ಜನರು ಆ ಮೊದಲಿನ ಅರ್ಧವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ" ಎಂದರು.

ವಿಲಿಯಂ ಕೇರಿಯ ಕಥೆಯನ್ನೂ ಅವರು ಹೀಗೆಯೇ ಹೇಳುತ್ತಿದ್ದರು. ಕೇರಿಯು ಚಮ್ಮಾರಿಕೆ ಮಾಡುತ್ತ, ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನೇ ಕಲಿತವನು; ಯಾವ ಸೆಮಿನರಿಗೂ ಹೋದವನಲ್ಲ. 1785ರಲ್ಲಿ ಓಲ್ನಿ ಎಂಬ ಊರಿನ ಸಭೆಯ ಮುಂದೆ ಪರೀಕ್ಷೆಗಾಗಿ ಪ್ರಸಂಗ ಮಾಡಿದನು. ಅದು ಅವರಿಗೆ ಸಾಲದೆನಿಸಿತು. ಇನ್ನಷ್ಟು ಕಾಲ ಅಭ್ಯಾಸ ಮಾಡಿ ಮತ್ತೆ ಬರುವಂತೆ ಹೇಳಿದರು. ಮರುವರ್ಷ ಒಪ್ಪಿಗೆ ಸಿಕ್ಕಿತು. ಅದೇ ಕೇರಿಯು 1793ರಲ್ಲಿ ಬಂಗಾಳಕ್ಕೆ ಬಂದು, ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಸತ್ಯವೇದದ ಭಾಗಗಳನ್ನು ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದನು. 1818ರಲ್ಲಿ ಸಂಗಡಿಗರೊಡನೆ ಅಲ್ಲಿ ಕಾಲೇಜನ್ನು ಸ್ಥಾಪಿಸಿದನು. ಶಾಲೆ ಕಾಣದವನು ಶಾಲೆಯನ್ನು ತುಚ್ಛವಾಗಿ ಕಾಣಲಿಲ್ಲ. ತನಗೆ ಸಿಕ್ಕದುದನ್ನು ಮುಂದಿನವರಿಗೆ ಕಟ್ಟಿಕೊಟ್ಟನು.

ಇನ್ನು ಶಾಲೆಯಲ್ಲಿ ಕಲಿತವರ ವಿಷಯ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೆ ಹೋಗಿ ಐದು ವರ್ಷ ಓದಿ ದೀಕ್ಷೆ ಪಡೆದು ಬಂದರು. ಊರಿಗೆ ಬಂದು ಇತರರಿಗೆ ಕಲಿಸಿದರು. ಉತ್ತಂಗಿ ಚನ್ನಪ್ಪನವರು ಮಂಗಳೂರಿನ ಸೆಮಿನರಿಯಲ್ಲಿ ಕಲಿತವರು. ಆದರೂ ಅವರ ಕಲಿಕೆ ಅಲ್ಲಿಗೆ ಮುಗಿಯಲಿಲ್ಲ. ಊರೂರು ತಿರುಗಿ ಜನರ ಬಾಯಿಂದಲೂ ಹಳೆಯ ಪ್ರತಿಗಳಿಂದಲೂ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಶಾಲೆಯ ಬಾಗಿಲನ್ನು ದಾಟಿ ಒಳಗೆ ಹೋದವರಿಗೂ ಹೊರಗೆ ಬಂದ ಮೇಲೆ ಪಾಠ ತಪ್ಪಿದ್ದಲ್ಲ.

ನರಸಿಂಹರಾಜಪುರದ ನಮ್ಮ ಮಲೆಯಾಳಿ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, "ನಮ್ಮ ಪೂರ್ವಿಕರಿಗೆ ಇದೇ ಪದ್ಧತಿಯಲ್ಲವೇ?" ಎಂದರು. ಕೊಟ್ಟಾಯದಲ್ಲಿ 1815ರಲ್ಲಿ ಸೆಮಿನರಿ ಹುಟ್ಟುವುದಕ್ಕೆ ಮುಂಚೆ ಸುರಿಯಾನಿ ಕ್ರೈಸ್ತರಲ್ಲಿ ಪಾದ್ರಿಯಾಗಬೇಕಾದ ಹುಡುಗನು ಮಲ್ಪಾನರ ಮನೆಯಲ್ಲಿದ್ದು ಕಲಿಯುತ್ತಿದ್ದನು. ಮಲ್ಪಾನ್ ಎಂದರೆ ಆ ಭಾಷೆಯಲ್ಲಿ ಗುರು. ಶೃಂಗೇರಿಯ ಭಟ್ಟರು ಹೇಳಿದುದೂ ಇದನ್ನೇ. ಇಷ್ಟೆಲ್ಲ ಹತ್ತಿರದಲ್ಲಿ ದೀಪಗಳಿರುವಾಗ ನಾನು ಕತ್ತಲೆಯಲ್ಲಿ ನಡೆದು ಮತ್ತೊಬ್ಬರ ಗಾಯವನ್ನು ತುಳಿದಿದ್ದೆನು.

ಇಲ್ಲಿ ಗೃಹಿಣಿಯರಾದ ವಾಚಕಿಯರಿಗೆ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕೆನಿಸುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಅಪೊಲ್ಲೋಸನೆಂಬ ವಾಗ್ಮಿಯ ಪ್ರಸ್ತಾಪವಿದೆ. ಅವನ ಉತ್ಸಾಹ ದೊಡ್ಡದು, ತಿಳಿವಳಿಕೆ ಅರ್ಧ. ಅವನ ಭಾಷಣವನ್ನು ಕೇಳಿದ ಪ್ರಿಸ್ಕಿಲ್ಲಳೂ ಆಕೆಯ ಗಂಡನಾದ ಅಕ್ವಿಲನೂ ಅವನನ್ನು ಕರೆದುಕೊಂಡು ಹೋಗಿ ಕೊರತೆಯಾದುದನ್ನು ತಿಳಿಯಹೇಳಿದರು. ಆ ದಂಪತಿಗಳ ಕಸುಬು ಗುಡಾರ ಹೊಲಿಯುವುದು. ನನ್ನ ಮನೆಯಲ್ಲಿಯೂ ಮೊದಲು ಬೆರಳೆತ್ತಿದವಳು ನನ್ನ ಹೆಂಡತಿಯೇ. ಆ ರಾತ್ರಿ ಅವಳು ಗಂಡನ ಮನಸ್ಸು ನೋಯುವುದೆಂದು ಸುಮ್ಮನಿದ್ದಿದ್ದರೆ, ನಾನು ಇಂದಿಗೂ ಕುಣಿಗಳ ಬಳಿ ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದೆನೋ ಏನೋ.

ಮೂರನೆಯ ವರ್ಷದ ಕೊನೆಯಲ್ಲಿ ಅಯ್ಯನವರು, "ಇನ್ನು ನಿಮ್ಮ ಸಭೆಯನ್ನು ಕೇಳಿ, ಪ್ರತಿ ಮನೆಯನ್ನೂ ಕೇಳಿ" ಎಂದರು. ಹಿರಿಯರು ಮನೆಮನೆಗೆ ಹೋದರು. ಹತ್ತು ಮನೆಗಳು ಒಪ್ಪಿದುವು. ಹನ್ನೊಂದನೆಯದು ಆ ತಾಯಿಯ ಮನೆ. ಅಲ್ಲಿಗೆ ಹಿರಿಯರು ಹೋಗುವ ಮೊದಲು ನಾನು ಹೋಗತಕ್ಕದ್ದೆಂದು ನನಗೆ ತೋರಿತು. ಅಷ್ಟು ದಿನ ದಾರಿಯಲ್ಲಿ ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದವನು ಅಂದು ಲೈನಿನ ಬಾಗಿಲಿನಲ್ಲಿ ನಿಂತು, "ಅಂದು ನಾನು ಆಡಿದ ಮಾತು ತಪ್ಪು. ದೇವರು ಹಾಗೆ ಮಾಡುತ್ತಾನೆಂದು ಹೇಳುವುದಕ್ಕೆ ನನಗೆ ಅಧಿಕಾರವಿರಲಿಲ್ಲ. ಕ್ಷಮಿಸಬೇಕು" ಎಂದೆನು. ಇಂಥ ಕಡೆ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಉಳಿದ ಮಾತುಗಳನ್ನು ಹೊಡೆದುಹಾಕಿದ್ದೆನು.

ಆಕೆ ಬಹಳ ಹೊತ್ತು ಒಲೆಯ ಕಡೆ ನೋಡುತ್ತಿದ್ದಳು. ಒಂದು ಲೋಟ ಕರಿಕಾಫಿ ತಂದಿಟ್ಟಳು. ಕ್ಷಮಿಸಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮೂರು ವಾರಗಳಾದ ಮೇಲೆ ಹಿರಿಯರಿಗೆ ಆಕೆ ಕೊಟ್ಟ ಉತ್ತರ ಇಷ್ಟೇ: "ಮೇಷ್ಟ್ರು ಆಗಲಿ. ಆದರೆ ಮಣ್ಣು ಹಾಕುವಲ್ಲಿ ಮಾತು ಕಡಮೆ ಇರಲಿ; ಸುಮ್ಮನೆ ಜೊತೆಗೆ ನಿಂತರೆ ಸಾಕು."

ಆ ವರ್ಷದ ಪುನರುತ್ಥಾನದ ಹಬ್ಬದ ತರುವಾಯ ಅಯ್ಯನವರೂ ನೆರೆಯ ಎರಡು ಸಭೆಗಳ ಪಾಲಕರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಕೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನನ್ನ ಬಳಿ ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಿಲ್ಲ. ಆಕೆಯ ಆ ಮಾತನ್ನು ಆರಾಧನಾಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಅಂದಿನಿಂದ ಎಷ್ಟೋ ಜನರನ್ನು ಮಣ್ಣು ಮಾಡಿಸಿದ್ದೇನೆ. ಪುಸ್ತಕದಲ್ಲಿದ್ದುದನ್ನು ಓದುತ್ತೇನೆ, ಸತ್ತವರ ಹೆಸರನ್ನು ಸ್ಪಷ್ಟವಾಗಿ ಹೇಳುತ್ತೇನೆ, ಆಮೇಲೆ ಮಳೆಯಿರಲಿ ಬಿಸಿಲಿರಲಿ, ಮನೆಯವರು ಹೊರಡುವವರೆಗೆ ನಿಲ್ಲುತ್ತೇನೆ.

ಶಾಲೆ ಇಲ್ಲದೆಯೇ ಎಲ್ಲವೂ ಕೈಗೂಡಿತೆಂದು ಯಾರೂ ಭಾವಿಸಬಾರದು. ಗ್ರೀಕ್, ಹೀಬ್ರೂ ಭಾಷೆಗಳು ನನಗೆ ಇಂದಿಗೂ ಬಾರವು. ಒಂದು ವಾಕ್ಯದಲ್ಲಿ ಸಂಶಯ ಬಂದರೆ ನಾಲ್ಕು ಭಾಷಾಂತರಗಳನ್ನು ಎದುರಿಗೆ ಹರಡಿಕೊಂಡು ಕುಳಿತುಕೊಳ್ಳಬೇಕು. ಜೊತೆಯಲ್ಲಿ ಕಲಿತ ಸಂಗಡಿಗರೆಂಬವರು ಇಲ್ಲ. ಆ ವೃದ್ಧರು ತೀರಿಕೊಂಡ ಮೇಲೆ ಬಹುಕಾಲ ಕೈ ಮುರಿದಂತಾಗಿದ್ದಿತು. ಈಗಿನವರಿಗೆ ದಾರಿಗಳು ಹೆಚ್ಚು. 1963ರಲ್ಲಿ ಗ್ವಾಟೆಮಾಲಾ ದೇಶದ ಒಂದು ಸೆಮಿನರಿಯವರು, ಮನೆಮಠ ಬಿಟ್ಟು ಬರಲಾಗದ ಹಳ್ಳಿಯ ಸೇವಕರಿಗಾಗಿ ಪಾಠಗಳನ್ನೇ ಅವರಿದ್ದಲ್ಲಿಗೆ ಒಯ್ಯುವ ಏರ್ಪಾಡನ್ನು ಆರಂಭಿಸಿದರು. ಅದೇ ಉದ್ದೇಶದಿಂದ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಉದ್ಯೋಗದಲ್ಲಿದ್ದುಕೊಂಡೇ ಅಚ್ಚಾದ ಪಾಠಗಳನ್ನು ಓದಿ, ಗೊತ್ತಾದ ದಿನಗಳಲ್ಲಿ ಬೋಧಕರೆದುರು ಸೇರಿ ಚರ್ಚಿಸುವ ಕ್ರಮವದು. ನನ್ನ ತಾರುಣ್ಯದಲ್ಲಿ ಅದನ್ನು ತಿಳಿಸುವವರು ನಮ್ಮ ಕಾಡಿನಲ್ಲಿ ಯಾರೂ ಇರಲಿಲ್ಲ.

ಕಳೆದ ದೀಪಾವಳಿಯ ಸುಮಾರಿಗೆ ನರಸಿಂಹರಾಜಪುರದ ಕಡೆಯ ಒಬ್ಬ ತರುಣನು ನನ್ನನ್ನು ನೋಡಲು ಬಂದನು. ತಾನೂ ಉಪದೇಶಿಯಾಗಬೇಕೆಂದನು. ಅಂಗೈಯ ದೂರವಾಣಿಯಲ್ಲಿ ನೂರಾರು ಪ್ರಸಂಗಗಳನ್ನು ಕೇಳಿದ್ದನು. ತನ್ನವನ್ನೂ ಅದರಲ್ಲಿ ಬಿಡುತ್ತಿದ್ದನು. ಸಾವಿರಾರು ಜನ ಕೇಳುತ್ತಾರೆಂದನು. "ತಾವೂ ಕಾಲೇಜಿಗೆ ಹೋದವರಲ್ಲವಷ್ಟೆ? ತರಬೇತಿಯಿಂದ ಆತ್ಮದ ಕಾವು ಆರಿಹೋಗುತ್ತದೆ" ಎಂದನು. ಅವನಲ್ಲಿ ನಾನು ನನ್ನನ್ನೇ ಕಂಡೆನು. ಕಂಠವೂ ಗಟ್ಟಿಯಾಗಿಯೇ ಇ‌ದ್ದಿತು. "ಅಪ್ಪಾ, ನೀನು ತಪ್ಪಿದಾಗ ನಿಲ್ಲೆಂದು ಹೇಳುವವರು ಯಾರಿದ್ದಾರೆ?" ಎಂದು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ನನಗೂ ಅಂದು ಶೃಂಗೇರಿಯ ಜಗಲಿಯಲ್ಲಿ ಉತ್ತರವಿರಲಿಲ್ಲ. ಆ ಹುಣಿಸೆಮರದ ಲೈನಿಗೆ ಅವನನ್ನು ಕರೆದುಕೊಂಡು ಹೋಗಿ, ಈಗ ಮುದುಕಿಯಾದ ಆ ತಾಯಿಗೆ ಪರಿಚಯ ಮಾಡಿಸಿದೆನು. ತಿಂಗಳಿಗೊಂದು ಶನಿವಾರ ಅವನು ನನ್ನ ಬಳಿಗೆ ಬರುತ್ತಿದ್ದಾನೆ; ಮುಂದಿನ ವರ್ಷ ಕಾಲೇಜಿಗೆ ಸೇರುವ ಯೋಚನೆಯೂ ಅವನಿಗಿದೆ. ಹೋಗೆಂದೇ ನಾನು ಹೇಳಿದ್ದೇನೆ.

ವಾಚಕ ಮಹಾಶಯರೇ, ನಿಮ್ಮ ಧರ್ಮ ಯಾವುದೇ ಇರಲಿ, ನಿಮ್ಮ ಮನೆಯ ಹುಡುಗನೊಬ್ಬನು ಇಂಥ ಸೇವೆಗೆ ಹೊರಟರೆ ಅವನನ್ನು ಶಾಲೆಗೆ ಕಳುಹಿಸುವ ಅನುಕೂಲವಿದ್ದರೆ ಕಳುಹಿಸಿರಿ. ಇಲ್ಲವಾದರೆ ಎದೆಗುಂದಬೇಡಿರಿ, ಬೆರಳೆತ್ತುವ ಒಬ್ಬ ಹಿರಿಯರನ್ನು ಹುಡುಕಿಕೊಡಿರಿ. ಅವರೂ ಸಿಕ್ಕದಿದ್ದರೆ, ರಾತ್ರಿ ಊಟಕ್ಕೆ ಬಡಿಸುವಾಗ ನಿಜವನ್ನು ಹೇಳುವ ಧೈರ್ಯ ಮನೆಯವರಿಗಿರಲಿ. ಪಾಠವು ಅಲ್ಲಿಂದಲೂ ಆರಂಭವಾಗುತ್ತದೆ.